ಜೊಟೆರೊ ಕೈಕೊಟ್ಟಾಗ ಏನು ಮಾಡಬೇಕು? ಕನ್ನಡದಲ್ಲಿ ಪ್ರಬಂಧ ಬರೆಯುವವರಿಗೆ ಹಂತ ಹಂತದ ರಿಪೇರಿ

ಜೊಟೆರೊ ಅಂದರೆ ಪುಸ್ತಕ, ಲೇಖನಗಳ ವಿವರ ಕೂಡಿಟ್ಟುಕೊಂಡು ವರ್ಡ್‌ನಲ್ಲಿ ಉಲ್ಲೇಖ, ಗ್ರಂಥಸೂಚಿ ಹಾಕಿಕೊಡುವ ತಂತ್ರಾಂಶ. ಅದನ್ನು ಬಳಸಿ ದಾವಣಗೆರೆ, ಚಿತ್ರದುರ್ಗ ಕಡೆ ಪಿಎಚ್.ಡಿ. ಮಾಡುತ್ತಿರುವವರು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ ಥರ ಇರುತ್ತವೆ. 'ಗ್ರಂಥಸೂಚಿ ಪೂರ್ತಿ ಉಲ್ಟಾ ಬರ್ತಿದೆ.' 'ಲೇಖಕರ ಹೆಸರಿನ ಜಾಗದಲ್ಲಿ ಏನೇನೋ ಗುರುತು ಕಾಣ್ತಿದೆ.' 'ವರ್ಡ್‌ನಲ್ಲಿ ಜೊಟೆರೊ ಟ್ಯಾಬೇ ಮಾಯ.' ಎಲ್ಲರೂ ಮಾಡುವ ಕೆಲಸವೂ ಒಂದೇ. ವರ್ಡ್ ಫೈಲ್ ತೆಗೆದು, ಕೆಟ್ಟ ಸಾಲನ್ನು ಕೈಯಲ್ಲೇ ತಿದ್ದಿಬಿಡುತ್ತಾರೆ. ಮುಂದಿನ ಸಲ ರಿಫ್ರೆಶ್ ಒತ್ತಿದ ತಕ್ಷಣ ತಪ್ಪು ವಾಪಸ್ ಬರುತ್ತದೆ, ಮತ್ತೆ ತಿದ್ದುತ್ತಾರೆ, ಮತ್ತೆ ಬರುತ್ತದೆ.

ತೊಂದರೆ ಕಣ್ಣಿಗೆ ಬೀಳೋದು ವರ್ಡ್‌ನಲ್ಲಿ, ಆದರೆ ಹುಟ್ಟೋದು ಜಾಸ್ತಿ ಸಲ ಜೊಟೆರೊ ಒಳಗೆ ನೀವೇ ತುಂಬಿದ ಮಾಹಿತಿಯಲ್ಲಿ. ಆದ್ದರಿಂದ ಇಲ್ಲಿ ಹಂತಗಳ ಕ್ರಮ ಮುಖ್ಯ. ಮೊದಲು ಬ್ಯಾಕಪ್, ಆಮೇಲೆ ಪರೀಕ್ಷೆ, ಆಮೇಲೆ ಮಾಹಿತಿ, ಆಮೇಲೆ ಸ್ಟೈಲ್ (ಉಲ್ಲೇಖ, ಗ್ರಂಥಸೂಚಿ ಯಾವ ರೂಪದಲ್ಲಿ ಬರಬೇಕು ಅನ್ನುವ ನಿಯಮಗಳ ಫೈಲ್), ಕೊನೆಗೆ ವರ್ಡ್. ಮಧ್ಯದಿಂದ ಶುರು ಮಾಡಬೇಡಿ.

ಮೆಂಡ್ಲಿ, ಎಂಡ್‌ನೋಟ್ ಥರದ ಬೇರೆ ತಂತ್ರಾಂಶ ಬಳಸುವವರಿಗೂ ಇದರಲ್ಲಿ ಅರ್ಧದಷ್ಟು ಉಪಯೋಗಕ್ಕೆ ಬರುತ್ತದೆ. ಆದರೆ ಮೆನು ಹೆಸರುಗಳೆಲ್ಲ ಜೊಟೆರೊದವು, 7ನೇ ಆವೃತ್ತಿ ಮತ್ತು ವಿಂಡೋಸ್ ಇಟ್ಟುಕೊಂಡು ಬರೆದಿದ್ದೇನೆ.

## ಕೂರುವ ಮೊದಲು ಹತ್ತಿರ ಇರಬೇಕಾದ್ದು

ಜೊಟೆರೊ ಇರುವ ನಿಮ್ಮದೇ ಕಂಪ್ಯೂಟರ್. ಬ್ಯಾಕಪ್ ಇಡಲು ಒಂದು ಪೆನ್‌ಡ್ರೈವ್ ಅಥವಾ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್. ಸ್ಟೈಲ್ ಫೈಲ್ ತಿದ್ದಲು ನೋಟ್‌ಪ್ಯಾಡ್ ಪ್ಲಸ್ ಪ್ಲಸ್ ಥರದ ಸಾದಾ ಎಡಿಟರ್, ವರ್ಡ್ ಖಂಡಿತ ಬೇಡ. ಯೂನಿಕೋಡ್ ಕನ್ನಡ ಕೀಬೋರ್ಡ್. ನಿಮ್ಮ ವಿಶ್ವವಿದ್ಯಾಲಯ ಅಥವಾ ಮಾರ್ಗದರ್ಶಕರು ಒಪ್ಪಿದ ಗ್ರಂಥಸೂಚಿಯ ಮಾದರಿ ಪುಟ, ಅದೂ ಕಾಗದದ ಮೇಲೆ. 'ಎಪಿಎ ಥರ ಮಾಡಿ' ಅಂತ ಬಾಯಲ್ಲಿ ಹೇಳಿದ್ದನ್ನು ನಂಬಿ ಸ್ಟೈಲ್ ತಿದ್ದಲು ಹೊರಟರೆ ಎರಡೆರಡು ಸಲ ಕೆಲಸ ಆಗುತ್ತದೆ.

## ಹಂತ 1: ಬ್ಯಾಕಪ್, ಬೇರೇನೂ ಮುಟ್ಟುವ ಮೊದಲು

1. ಜೊಟೆರೊದಲ್ಲಿ 'ಎಡಿಟ್' ಮೆನು, 'ಸೆಟ್ಟಿಂಗ್ಸ್', ಅಲ್ಲಿ 'ಅಡ್ವಾನ್ಸ್ಡ್' ತೆಗೆಯಿರಿ. 'ಶೋ ಡೇಟಾ ಡೈರೆಕ್ಟರಿ' ಒತ್ತಿದರೆ ಒಂದು ಫೋಲ್ಡರ್ ತೆರೆಯುತ್ತದೆ.

2. ಆ ಫೋಲ್ಡರ್‌ನಲ್ಲಿ 'ಜೊಟೆರೊ ಡಾಟ್ ಎಸ್‌ಕ್ಯುಲೈಟ್' ಅನ್ನುವ ಫೈಲ್, 'ಸ್ಟೋರೇಜ್' ಅನ್ನುವ ಫೋಲ್ಡರ್ ಕಾಣಬೇಕು. ಮೊದಲನೆಯದು ನಿಮ್ಮ ಇಡೀ ಡೇಟಾಬೇಸ್. ಎರಡನೆಯದರಲ್ಲಿ ಪಿಡಿಎಫ್‌ಗಳಿವೆ.

3. ಈಗ ಜೊಟೆರೊ ಪೂರ್ತಿ ಮುಚ್ಚಿ. ಮುಚ್ಚದೆ ಕಾಪಿ ಮಾಡಿದರೆ ಅರ್ಧಂಬರ್ಧ ಬರೆದ ಡೇಟಾಬೇಸ್ ಸಿಗಬಹುದು, ಅಂಥ ಬ್ಯಾಕಪ್ ಇದ್ದರೂ ಒಂದೇ ಇಲ್ಲದಿದ್ದರೂ ಒಂದೇ.

4. ಇಡೀ ಫೋಲ್ಡರ್ ಕಾಪಿ ಮಾಡಿ ಹೊರಗಿನ ಡಿಸ್ಕ್‌ಗೆ ಹಾಕಿ, ಹೆಸರಿನಲ್ಲಿ ತಾರೀಖು ಬರೆಯಿರಿ. ಥೀಸಿಸ್‌ನ ವರ್ಡ್ ಫೈಲನ್ನೂ ಅದರ ಜೊತೆಗೇ ಇಡಿ.

ಒಂದು ತಪ್ಪು ಪದೇ ಪದೇ ಕಾಣುತ್ತದೆ. ಮನೆಯಲ್ಲೊಂದು, ಡಿಪಾರ್ಟ್‌ಮೆಂಟ್‌ನಲ್ಲೊಂದು ಕಂಪ್ಯೂಟರ್ ಇದೆ ಅಂತ ಡೇಟಾ ಫೋಲ್ಡರನ್ನೇ ಗೂಗಲ್ ಡ್ರೈವ್, ಒನ್‌ಡ್ರೈವ್ ಅಥವಾ ಡ್ರಾಪ್‌ಬಾಕ್ಸ್ ಒಳಗೆ ಇಡುವುದು. ಜೊಟೆರೊ ಬರೆಯುತ್ತಿರುವ ಫೈಲನ್ನು ಡ್ರೈವ್ ಅದೇ ಹೊತ್ತಿಗೆ ಮೇಲಕ್ಕೆ ಕಳಿಸಲು ನೋಡುತ್ತದೆ, ಡೇಟಾಬೇಸ್ ಕೆಡುತ್ತದೆ. ಪೆನ್‌ಡ್ರೈವ್‌ನಿಂದ ನೇರವಾಗಿ ನಡೆಸುವುದೂ ಅಷ್ಟೇ ಅಪಾಯ, ಚುಚ್ಚಿದ್ದನ್ನು ಸುಮ್ನೆ ಎಳೆದು ತೆಗೆದರೆ ಮುಗೀತು. ಎರಡು ಕಡೆ ಕೆಲಸ ಮಾಡಬೇಕಿದ್ದರೆ ಜೊಟೆರೊದ್ದೇ ಸಿಂಕ್ ಇದೆ, ಅದನ್ನೇ ಬಳಸಿ.

## ಹಂತ 2: ತಪ್ಪು ಯಾವ ಮನೆಯದು ಅಂತ ಪತ್ತೆ ಮಾಡಿ

ಹೆಚ್ಚಿನವರು ಬಿಟ್ಟುಬಿಡುವ ಹಂತ ಇದು.

1. ತಪ್ಪಾಗಿ ಬರುತ್ತಿರುವ ಒಂದು ನಮೂದನ್ನು ಜೊಟೆರೊದಲ್ಲಿ ಆರಿಸಿ. ಅದರ ಮೇಲೆ ಮೌಸಿನ ಬಲ ಬಟನ್ ಒತ್ತಿ 'ಕ್ರಿಯೇಟ್ ಬಿಬ್ಲಿಯಾಗ್ರಫಿ ಫ್ರಮ್ ಐಟಂ' ತೆಗೆಯಿರಿ. ನಿಮ್ಮ ಸ್ಟೈಲನ್ನೇ ಆರಿಸಿ, ಕ್ಲಿಪ್‌ಬೋರ್ಡ್‌ಗೆ ಕಾಪಿ ಮಾಡಿ, ಒಂದು ಖಾಲಿ ಪುಟಕ್ಕೆ ಪೇಸ್ಟ್ ಮಾಡಿ.

2. ಇಲ್ಲಿ ಸರಿಯಾಗಿ ಬಂತಾ? ಹಾಗಿದ್ದರೆ ಮಾಹಿತಿಯೂ ಸರಿ, ಸ್ಟೈಲೂ ಸರಿ. ಕೆಟ್ಟಿರುವುದು ವರ್ಡ್ ಫೈಲ್. ನೇರ ಹಂತ 7ಕ್ಕೆ ಹೋಗಿ.

3. ಇಲ್ಲೂ ತಪ್ಪೇ ಬಂದರೆ ಅದೇ ನಮೂದನ್ನು ಜೊಟೆರೊ ಜೊತೆಗೇ ಬರುವ ಎಪಿಎ ಅಥವಾ ಷಿಕಾಗೊ ಸ್ಟೈಲ್‌ನಲ್ಲಿ ತೆಗೆದು ನೋಡಿ. ಅಲ್ಲೂ ಅದೇ ತಪ್ಪಿದ್ದರೆ ಮಾಹಿತಿ ಕೆಟ್ಟಿದೆ, ಹಂತ 5. ಅಲ್ಲಿ ಸರಿ ಬಂದರೆ ನಿಮ್ಮ ಸ್ಟೈಲ್ ಕೆಟ್ಟಿದೆ, ಹಂತ 6.

4. ಜೊಟೆರೊ ತೆರೆದರೂ ಒದ್ದಾಡುತ್ತಿದೆ ಅಂದರೆ 'ಹೆಲ್ಪ್' ಮೆನುವಿನಲ್ಲಿ ಟ್ರಬಲ್‌ಶೂಟಿಂಗ್ ಮೋಡ್‌ಗೆ ಹೋಗಿ. ಪ್ಲಗಿನ್‌ಗಳೆಲ್ಲ ಆಫ್ ಆಗಿ ಬರೀ ಜೊಟೆರೊ ಓಡುತ್ತದೆ. ಆಗ ಸರಿ ಇದ್ದರೆ ಯಾವುದೋ ಪ್ಲಗಿನ್‌ದು ತಪ್ಪು. 2024ರಲ್ಲಿ 7ನೇ ಆವೃತ್ತಿ ಬಂದಾಗ ಹಳೆಯ ಪ್ಲಗಿನ್‌ಗಳು ಅದಕ್ಕೆ ಹೊಂದಲಿಲ್ಲ, ಅವುಗಳ ಹೊಸ ಆವೃತ್ತಿ ಹಾಕಬೇಕಾಯಿತು. ಯಾರೋ ಸೀನಿಯರ್ ಕೊಟ್ಟ ಪ್ಲಗಿನ್ ಫೈಲ್ ಇನ್ನೂ ಹಾಗೇ ಇಟ್ಟುಕೊಂಡಿದ್ದರೆ ತೆಗೆದುಹಾಕಿ.

## ಹಂತ 3: ಡೇಟಾಬೇಸೇ ಕೆಟ್ಟಿದ್ದರೆ

'ಡೇಟಾಬೇಸ್ ಲಾಕ್ಡ್' ಅಂತ ಬಂದರೆ ಗಾಬರಿ ಬೇಡ. ಜೊಟೆರೊ ಹಿಂದೆ ಇನ್ನೊಂದು ಪ್ರತಿ ಓಡುತ್ತಿರಬಹುದು. ಟಾಸ್ಕ್ ಮ್ಯಾನೇಜರ್‌ನಲ್ಲಿ ನಿಲ್ಲಿಸಿ, ಕಂಪ್ಯೂಟರ್ ಒಂದು ಸಲ ಆಫ್ ಮಾಡಿ ಆನ್ ಮಾಡಿ. ಡೇಟಾ ಫೋಲ್ಡರ್ ಡ್ರೈವ್ ಒಳಗಿದ್ದರೆ ಕಾರಣ ಅದೇ.

'ಮ್ಯಾಲ್‌ಫಾರ್ಮ್ಡ್' ಅನ್ನುವ ಮಾತು ಕಂಡರೆ ವಿಷಯ ಗಂಭೀರ. ಕರೆಂಟ್ ಹೋಗಿ ಕಂಪ್ಯೂಟರ್ ಧಡಕ್ಕಂತ ಆಫ್ ಆದಮೇಲೆ ಇದು ಬರುವುದುಂಟು. ಹೀಗೆ ಮಾಡಿ.

1. ಜೊಟೆರೊ ಮುಚ್ಚಿ. ಕೆಟ್ಟ ಡೇಟಾಬೇಸ್ ಫೈಲನ್ನು ಡಿಲೀಟ್ ಮಾಡಬೇಡಿ, ಅದರ ಹೆಸರು ಬದಲಿಸಿ ಪಕ್ಕಕ್ಕಿಡಿ.

2. ಅದೇ ಫೋಲ್ಡರ್‌ನಲ್ಲಿ ಕೊನೆಗೆ 'ಬ್ಯಾಕ್' ಅಂತಿರುವ ಫೈಲ್ ಇರುತ್ತದೆ. ಜೊಟೆರೊ ತಾನೇ ಆಗಾಗ ಮಾಡಿಕೊಳ್ಳುವ ಬ್ಯಾಕಪ್ ಅದು. ಅದರ ಒಂದು ಕಾಪಿ ಮಾಡಿ, ಕಾಪಿಯ ಹೆಸರನ್ನು ಮೂಲ ಹೆಸರಿಗೆ ಬದಲಿಸಿ ತೆರೆದು ನೋಡಿ.

3. ಅದೂ ಆಗದಿದ್ದರೆ ಜೊಟೆರೊ ವೆಬ್‌ಸೈಟಿನಲ್ಲಿ ಡೇಟಾಬೇಸ್ ರಿಪೇರಿ ಮಾಡುವ ಸಾಧನ ಇದೆ. ಕೆಟ್ಟ ಫೈಲ್ ಕೊಟ್ಟರೆ ಉಳಿಸಬಹುದಾದಷ್ಟನ್ನು ಉಳಿಸಿ ವಾಪಸ್ ಕೊಡುತ್ತದೆ.

4. ಮೊದಲಿಂದ ಸಿಂಕ್ ಮಾಡಿಕೊಂಡು ಬಂದಿದ್ದರೆ ನೀವು ಪುಣ್ಯವಂತರು. ಹೊಸ ಖಾಲಿ ಡೇಟಾಬೇಸ್ ತೆರೆದು ಲಾಗಿನ್ ಆದರೆ ಸಿಂಕ್ ಆಗಿದ್ದೆಲ್ಲ ಕೆಳಗಿಳಿಯುತ್ತದೆ.

## ಹಂತ 4: ಸಿಂಕ್

ಇಲ್ಲಿ ಜಾಸ್ತಿ ಹೇಳೋದಿಲ್ಲ. ನಮೂದುಗಳ ಸಿಂಕ್ ಪುಕ್ಕಟೆ. ಪಿಡಿಎಫ್‌ಗಳಿಗೆ ಪುಕ್ಕಟೆ ಸಿಗುವ ಜಾಗ 300 ಎಂಬಿ. ಶೋಧಗಂಗಾದಿಂದ ಇಳಿಸಿದ ಸ್ಕ್ಯಾನ್ ಪ್ರಬಂಧಗಳು ಒಂದೆರಡು ಡಜನ್ ಆದರೆ ಆ ಜಾಗ ತುಂಬಿಹೋಗಬಹುದು. ತುಂಬಿದ ಮೇಲೆ 'ಸಿಂಕ್ ಕೆಟ್ಟಿದೆ' ಅಂತ ಅನಿಸುತ್ತದೆ, ಆದರೆ ನಿಂತಿರೋದು ಪಿಡಿಎಫ್ ಮಾತ್ರ. ಸೆಟ್ಟಿಂಗ್ಸ್‌ನ ಸಿಂಕ್ ಭಾಗದಲ್ಲಿ ಫೈಲ್ ಸಿಂಕ್ ಮಾತ್ರ ಆಫ್ ಮಾಡಿ, ನಮೂದುಗಳ ಸಿಂಕ್ ಬಿಡಿ.

ಕಾಲೇಜು, ಹಾಸ್ಟೆಲ್ ವೈಫೈನಲ್ಲಿ ಸಿಂಕ್ ಆಗದಿದ್ದರೆ ಮೊಬೈಲ್ ಹಾಟ್‌ಸ್ಪಾಟ್ ಹಾಕಿ ಒಮ್ಮೆ ನೋಡಿ. ಅದರಲ್ಲಿ ಆದರೆ ನೆಟ್‌ವರ್ಕ್‌ನ ಪ್ರಾಕ್ಸಿಯೇ ಅಡ್ಡಿ, ಜೊಟೆರೊ ಅಲ್ಲ.

ಅದೇ ಸಿಂಕ್ ಭಾಗದಲ್ಲಿ 'ರಿಸೆಟ್' ಅಂತ ಒಂದು ಜಾಗ ಇದೆ. ಅಲ್ಲಿನ ಒಂದು ಆಯ್ಕೆ ಆನ್‌ಲೈನ್ ಪ್ರತಿಯನ್ನು ಅಳಿಸಿ ಕಂಪ್ಯೂಟರಿನದನ್ನು ಹಾಕುತ್ತದೆ. ಯಾವ ಕಡೆಯದು ಸರಿ ಇದೆ ಅಂತ ಖಾತ್ರಿ ಇಲ್ಲದೆ ಅದನ್ನು ಮುಟ್ಟಬೇಡಿ.

## ಹಂತ 5: ಮಾಹಿತಿ ಶುದ್ಧ ಮಾಡುವುದು

ನಿಜವಾದ ಕೆಲಸ ಇಲ್ಲಿದೆ. ಅಕ್ಕಿ ಆರಿಸಿದ ಹಾಗೆ ಒಂದೊಂದೇ ನೋಡಬೇಕು, ಒಂದೇ ಏಟಿಗೆ ಎಲ್ಲ ಸರಿಮಾಡುವ ಬಟನ್ ಇಲ್ಲ.

ನುಡಿ ಅಕ್ಷರ. ಡಿಟಿಪಿ ಅಂಗಡಿಯಲ್ಲಿ ಟೈಪ್ ಮಾಡಿಸಿದ ಹಳೆಯ ಗ್ರಂಥಸೂಚಿಯಿಂದ ಕಾಪಿ ಮಾಡಿ ಜೊಟೆರೊಗೆ ಹಾಕಿದರೆ ಇಂಗ್ಲಿಷ್ ಅಕ್ಷರಗಳ ತಲೆಯ ಮೇಲೆ ಗೀಟು, ಚುಕ್ಕಿ ಬಂದ ಹಾಗೆ ಕಾಣುತ್ತದೆ. ಕಾರಣ ಅದು ಯೂನಿಕೋಡ್ ಅಲ್ಲ. ಹಳೆಯ ನುಡಿ ಫಾಂಟ್ ಇಂಗ್ಲಿಷ್ ಸಂಕೇತಗಳ ಮೇಲೆಯೇ ಕನ್ನಡದ ಚಿತ್ರ ಕೂರಿಸಿರುತ್ತದೆ, ಫಾಂಟ್ ಹೋದ ತಕ್ಷಣ ಬಣ್ಣ ಬಯಲಾಗುತ್ತದೆ. ಜೊಟೆರೊದಲ್ಲಿ ಫಾಂಟ್ ಬದಲಿಸಿ ಇದನ್ನು ಸರಿ ಮಾಡಲು ಆಗುವುದಿಲ್ಲ. ಮೊದಲು ಪರಿವರ್ತಕದಲ್ಲಿ ಯೂನಿಕೋಡ್‌ಗೆ ಬದಲಿಸಿ, ಒತ್ತಕ್ಷರಗಳನ್ನೂ ಅರ್ಕಾವತ್ತನ್ನೂ ಕಣ್ಣಾರೆ ನೋಡಿ, ಆಮೇಲೆ ಹಾಕಿ. ಪರಿವರ್ತಕ ಹೆಚ್ಚಾಗಿ ಎಡವುವುದು ಅಲ್ಲೇ. ನಡುವೆ ಇಂಗ್ಲಿಷ್ ಪದ ಇದ್ದರೆ ಅದನ್ನೂ ಕನ್ನಡ ಅಂದುಕೊಂಡು ಕಲಸಿಬಿಡುತ್ತದೆ.

ಸೊನ್ನೆಯ ಕಾಟ. ಇದು ಕಣ್ಣಿಗೆ ಕಾಣದ ತಪ್ಪು. ಅನುಸ್ವಾರದ ಬದಲು ಕನ್ನಡ ಅಂಕಿಯ ಸೊನ್ನೆ ಒತ್ತಿದ ಪಠ್ಯ ಬೇಕಾದಷ್ಟಿದೆ. 'ಸಂಪುಟ' ಮತ್ತು 'ಸ೦ಪುಟ', ಎರಡೂ ನೋಡಲು ಹೆಚ್ಚುಕಡಿಮೆ ಒಂದೇ, ಅಲ್ವಾ? ಎರಡನೆಯದರಲ್ಲಿ ಇರುವುದು ಅಂಕಿ. ಹುಡುಕಿದರೆ ಸಿಗುವುದಿಲ್ಲ, ಅಕಾರಾದಿಯಲ್ಲಿ ಬೇರೆಲ್ಲೋ ಹೋಗಿ ಕೂರುತ್ತದೆ. ಪತ್ತೆ ಹಚ್ಚುವುದು ಸುಲಭ. ಜೊಟೆರೊದ ಹುಡುಕು ಪೆಟ್ಟಿಗೆಯಲ್ಲಿ ಕನ್ನಡ ಅಂಕಿಯ ಸೊನ್ನೆ ಒಂದನ್ನೇ ಹಾಕಿ. ಬಂದ ನಮೂದುಗಳನ್ನೆಲ್ಲ ತಿದ್ದಿ.

ಇದೇ ಜಾತಿಯ ಇನ್ನೊಂದು ತಪ್ಪು, ಪದದ ನಡುವೆ ಅಡಗಿ ಕೂರುವ ಜೋಡಣೆ ತಡೆಯುವ ಗುರುತು. 'ರಾಜ್‌ಕುಮಾರ್' ಅಂತ ಬರೆಯುವಾಗ ಒತ್ತಕ್ಷರ ಆಗದಿರಲಿ ಅಂತ ಕೀಬೋರ್ಡ್ ಅದನ್ನು ಹಾಕುತ್ತದೆ. ಒಂದು ನಮೂದಿನಲ್ಲಿ ಅದು ಇದ್ದು ಇನ್ನೊಂದರಲ್ಲಿ ಇಲ್ಲದಿದ್ದರೆ ಒಬ್ಬನೇ ಲೇಖಕ ಇಬ್ಬರಾಗುತ್ತಾನೆ. ಒಂದು ಸರಿಯಾದ ಹೆಸರನ್ನು ಕಾಪಿ ಮಾಡಿ ಉಳಿದ ಕಡೆ ಪೇಸ್ಟ್ ಮಾಡುವುದೇ ವಾಸಿ, ಮತ್ತೆ ಟೈಪ್ ಮಾಡಬೇಡಿ.

ಲೇಖಕರ ಹೆಸರು. ಜೊಟೆರೊ ಹುಟ್ಟಿದ್ದು ಮನೆಹೆಸರು ಇರುವವರ ನಾಡಿನಲ್ಲಿ. ಅದು ಹೆಸರನ್ನು ಎರಡು ಖಾನೆಯಲ್ಲಿ ಕೇಳುತ್ತದೆ. ನಮ್ಮ ಕಡೆ ಊರು, ಅಪ್ಪ, ಆಮೇಲೆ ಹೆಸರು. ತ.ರಾ.ಸು. ಅವರನ್ನೇ ತೆಗೆದುಕೊಳ್ಳಿ. ದುರ್ಗದ ಬಗ್ಗೆ ಬರೆಯುವವರ ಪಟ್ಟಿಯಲ್ಲಿ ಅವರು ಇದ್ದೇ ಇರುತ್ತಾರೆ. ಅವರು ಒಂದು ನಮೂದಿನಲ್ಲಿ 'ತ.ರಾ.ಸು.', ಇನ್ನೊಂದರಲ್ಲಿ 'ತ. ರಾ. ಸುಬ್ಬರಾಯ', ಇಂಗ್ಲಿಷ್ ಕ್ಯಾಟಲಾಗಿನಿಂದ ಬಂದದ್ದರಲ್ಲಿ 'ಸುಬ್ಬರಾವ್, ಟಿ. ಆರ್.'. ಜೊಟೆರೊ ಪಾಲಿಗೆ ಇವರು ಮೂರು ಜನ. ಒಂದೇ ವರ್ಷದ ಎರಡು ಪುಸ್ತಕಕ್ಕೆ ವರ್ಷದ ಮುಂದೆ ಅಕ್ಷರ ಸೇರಿಸಿ ಬೇರೆ ಮಾಡುವುದು, ಒಬ್ಬರ ಕೃತಿಗಳನ್ನು ಒಂದೇ ಕಡೆ ಗುಂಪು ಮಾಡುವುದು, ಎರಡೂ ಕೆಡುತ್ತದೆ.

ಹೀಗೆ ಮಾಡಿ.

1. ನಡುವಿನ ಪಟ್ಟಿಯಲ್ಲಿ ಲೇಖಕರ ಕಾಲಂ ತಲೆಯ ಮೇಲೆ ಒತ್ತಿ ಅಕಾರಾದಿ ಮಾಡಿ. ಒಂದೇ ಅಕ್ಷರದಿಂದ ಶುರುವಾಗುವ ರೂಪಗಳು ಪಕ್ಕಪಕ್ಕ ಬರುತ್ತವೆ. ಇಂಗ್ಲಿಷ್ ರೂಪಗಳನ್ನು ಬೇರೆಯಾಗಿ ಹುಡುಕಿ.

2. ಪ್ರತಿ ಲೇಖಕರಿಗೂ ಒಂದೇ ರೂಪ ನಿಗದಿ ಮಾಡಿ. ಪುಸ್ತಕದ ಮುಖಪುಟದಲ್ಲಿ ಹೆಚ್ಚಾಗಿ ಹೇಗಿದೆಯೋ ಅದನ್ನೇ ಇಟ್ಟುಕೊಳ್ಳುವುದು ಒಳ್ಳೆಯದು ಅಂತ ನನ್ನ ಅಭಿಪ್ರಾಯ. ಉಳಿದ ರೂಪಗಳನ್ನು 'ಎಕ್ಸ್‌ಟ್ರಾ' ಖಾನೆಯಲ್ಲಿ ಬರೆದಿಡಿ, ಹುಡುಕುವಾಗ ಸಿಗುತ್ತದೆ.

3. ಹೆಸರಿನ ಪಕ್ಕ ಇರುವ ಸಣ್ಣ ಗುರುತನ್ನು ಒತ್ತಿದರೆ ಎರಡು ಖಾನೆ ಸೇರಿ ಒಂದಾಗುತ್ತದೆ. ಕನ್ನಡ ಹೆಸರುಗಳಿಗೆಲ್ಲ ಈ ಒಂದೇ ಖಾನೆ ಬಳಸಿ. ನೀವು ಹೇಗೆ ಬರೆದಿರೋ ಹಾಗೇ ಅಚ್ಚಾಗುತ್ತದೆ, ಸ್ಟೈಲ್ ಹಿಂದುಮುಂದು ಮಾಡಲು, ಇನಿಷಿಯಲ್ ಕತ್ತರಿಸಲು ಹೋಗುವುದಿಲ್ಲ.

ಇದಕ್ಕೊಂದು ಬೆಲೆ ಇದೆ. ಒಂದೇ ಖಾನೆ ಅಂದರೆ ಅಕಾರಾದಿ ಮೊದಲ ಅಕ್ಷರದಿಂದಲೇ ನಡೆಯುತ್ತದೆ. ಮಾರ್ಗದರ್ಶಕರು 'ಸುಬ್ಬರಾಯ ತ. ರಾ.' ಅಂತ ಬರಲಿ ಅಂದರೆ ಖಾನೆಯಲ್ಲೇ ಹಾಗೆ ಬರೆಯಬೇಕು, ಆಗ ಒಳಗಿನ ಉಲ್ಲೇಖದಲ್ಲೂ ಹಾಗೇ ಬರುತ್ತದೆ. ಅದಕ್ಕೇ ಈ ತೀರ್ಮಾನ ಮೊದಲ ಅಧ್ಯಾಯ ಬರೆಯುವ ಮೊದಲೇ ಆಗಲಿ.

ವರ್ಷ. ದಿನಾಂಕದ ಖಾನೆಯಲ್ಲಿ '೧೯೮೨' ಅಂತ ಹಾಕಿದರೆ ಜೊಟೆರೊ ಅದನ್ನು ವರ್ಷ ಅಂತ ಗುರುತಿಸುವುದಿಲ್ಲ, '1982' ಅಂತಲೇ ಹಾಕಿ. ಜೋಡಿ ವರ್ಷವೂ ತೊಂದರೆಯೇ. ಬ್ರಹ್ಮಗಿರಿ, ಚಂದ್ರವಳ್ಳಿ ಉತ್ಖನನದ ಬಗ್ಗೆ ವೀಲರ್ ಬರೆದ ವರದಿ ಇದೆಯಲ್ಲ, ನಮ್ಮ ಕಡೆ ಇತಿಹಾಸ, ಪುರಾತತ್ವದವರು ಅದನ್ನು ಉಲ್ಲೇಖಿಸದೆ ಇರುವುದಿಲ್ಲ. ಅಗೆದದ್ದು 1947ರಲ್ಲಿ, ಅಚ್ಚಾದದ್ದು 'ಏನ್ಷಿಯಂಟ್ ಇಂಡಿಯಾ'ದ 4ನೇ ಸಂಚಿಕೆಯಲ್ಲಿ, ಸಂಚಿಕೆಯ ಮೇಲೆ 1947–48. ದಿನಾಂಕದಲ್ಲಿ ಒಂದೇ ವರ್ಷ ಹಾಕಿ, ಜೋಡಿ ವರ್ಷವನ್ನು 'ಎಕ್ಸ್‌ಟ್ರಾ'ದಲ್ಲಿ ಬರೆದಿಡಿ.

ನಮೂದಿನ ಬಗೆ. ಅದೇ ವರದಿಯನ್ನು ಅರ್ಧ ಜನ 'ಬುಕ್' ಅಂತ ಸೇರಿಸಿರುತ್ತಾರೆ, ದಪ್ಪ ಇದೆ ಅಂತಲೋ ಏನೋ. ಅದು ನಿಯತಕಾಲಿಕದ ಲೇಖನ. 'ಜರ್ನಲ್ ಆರ್ಟಿಕಲ್' ಅಂತ ಬದಲಿಸಿದರೆ ಸಂಚಿಕೆ, ಪುಟಗಳ ಖಾನೆ ತಾವೇ ಬರುತ್ತವೆ. ಬಗೆ ಬದಲಿಸುವಾಗ ಕೆಲವು ಖಾನೆಗಳು ಅಳಿಸಿಹೋಗುತ್ತವೆ ಅಂತ ಎಚ್ಚರಿಕೆ ಬಂದರೆ ಓದದೆ 'ಓಕೆ' ಒತ್ತಬೇಡಿ.

ಶಾಸನಗಳಿಗೆ ಬೇರೆ ಬಗೆಯೇ ಇಲ್ಲ. ಎಪಿಗ್ರಾಫಿಯಾ ಕರ್ನಾಟಿಕಾದ 11ನೇ ಸಂಪುಟ ಚಿತ್ರದುರ್ಗ ಜಿಲ್ಲೆಯದು, ದಾವಣಗೆರೆ ತಾಲೂಕಿನ ಶಾಸನಗಳೂ ಅದರಲ್ಲೇ ಇವೆ. ಒಂದೊಂದು ಶಾಸನಕ್ಕೆ ಒಂದೊಂದು ನಮೂದು ಮಾಡಿಕೊಂಡು ಪಟ್ಟಿ ಉದ್ದ ಮಾಡಬೇಡಿ. ಸಂಪುಟಕ್ಕೆ ಒಂದೇ ನಮೂದು ಸಾಕು. ತಾಲೂಕು ಮತ್ತು ಶಾಸನದ ಸಂಖ್ಯೆಯನ್ನು ಉಲ್ಲೇಖ ಹಾಕುವಾಗ 'ಸಫಿಕ್ಸ್' ಖಾನೆಯಲ್ಲಿ ಬರೆಯಿರಿ.

ಊರಿನ ಹೆಸರು. ಹಳೆಯ ಇಂಗ್ಲಿಷ್ ಪ್ರಕಟಣೆಗಳಲ್ಲಿ ಚಿತ್ರದುರ್ಗ 'ಚಿಟಲ್‌ಡ್ರೂಗ್' ಆಗಿರುತ್ತದೆ, ಅದರಲ್ಲೂ ಎರಡು ಮೂರು ಸ್ಪೆಲಿಂಗ್. ದಾವಣಗೆರೆ ಬೇರೆ ಜಿಲ್ಲೆಯಾದದ್ದು 1997ರಲ್ಲಿ, ಅದಕ್ಕೂ ಹಿಂದಿನ ಗೆಜೆಟಿಯರ್, ವರದಿಗಳಲ್ಲಿ ದಾವಣಗೆರೆಯ ವಿಷಯ ಚಿತ್ರದುರ್ಗ ಜಿಲ್ಲೆಯ ಹೆಸರಿನಲ್ಲೇ ಸಿಗುತ್ತದೆ. ಶೀರ್ಷಿಕೆಯನ್ನು ಮಾತ್ರ ತಿದ್ದಬೇಡಿ, ಅಚ್ಚಾದ ಹಾಗೇ ಇರಲಿ. ಹುಡುಕಲು ಸುಲಭ ಆಗಲಿ ಅಂತ 'ಚಿತ್ರದುರ್ಗ', 'ದಾವಣಗೆರೆ' ಅಂತ ಟ್ಯಾಗ್ ಹಾಕಿ, ಸಾಕು.

ಐಎಸ್‌ಬಿಎನ್‌ನಿಂದ ತಂದ ನಮೂದು. ಮಂತ್ರದಂಡದ ಚಿತ್ರ ಒತ್ತಿ ಐಎಸ್‌ಬಿಎನ್ ಕೊಟ್ಟರೆ ಮಾಹಿತಿ ತಾನೇ ಬರುತ್ತದೆ, ನಿಜ. ಆದರೆ ಕನ್ನಡ ಪುಸ್ತಕಗಳದ್ದು ಅನೇಕ ಸಲ ಇಂಗ್ಲಿಷ್ ಅಕ್ಷರದಲ್ಲಿ, ಮೇಲೆ ಕೆಳಗೆ ಚುಕ್ಕಿಗಳ ಸಮೇತ ಬರುತ್ತದೆ. ವಿದೇಶದ ಗ್ರಂಥಾಲಯಗಳು ಹಾಗೆ ಬರೆದಿಟ್ಟಿರುತ್ತವೆ. ಶೀರ್ಷಿಕೆ, ಲೇಖಕ, ಪ್ರಕಾಶಕ ಮೂರನ್ನೂ ಕನ್ನಡದಲ್ಲಿ ಮತ್ತೆ ತುಂಬಿ. ಹಳೆಯ ಪುಸ್ತಕಗಳಿಗೆ ಐಎಸ್‌ಬಿಎನ್ ಇರುವುದೇ ಇಲ್ಲ, ಸ್ಕ್ಯಾನ್ ಪಿಡಿಎಫ್‌ನಿಂದ ಮಾಹಿತಿ ಹೆಕ್ಕಲೂ ಜೊಟೆರೊಗೆ ಆಗುವುದಿಲ್ಲ, ಚಿತ್ರದಲ್ಲಿ ಪಠ್ಯ ಇಲ್ಲವಲ್ಲ. ಪಿಡಿಎಫ್ ಮೇಲೆ ಬಲ ಬಟನ್ ಒತ್ತಿ 'ಕ್ರಿಯೇಟ್ ಪೇರೆಂಟ್ ಐಟಂ' ಆರಿಸಿ, ಕೈಯಲ್ಲೇ ತುಂಬಿ.

ಎರಡೆರಡು ನಮೂದು. ಎಡಗಡೆ 'ಡುಪ್ಲಿಕೇಟ್ ಐಟಮ್ಸ್' ಇದೆ. ಒಂದೇ ಪುಸ್ತಕದ ಎರಡು ನಮೂದು ಸಿಕ್ಕರೆ 'ಮರ್ಜ್' ಮಾಡಿ, ಒಂದನ್ನು ಡಿಲೀಟ್ ಮಾಡಬೇಡಿ. ಡಿಲೀಟ್ ಮಾಡಿದ್ದನ್ನೇ ನೀವು ಥೀಸಿಸ್‌ನಲ್ಲಿ ಉಲ್ಲೇಖಿಸಿದ್ದರೆ ಆ ಕೊಂಡಿ ಕಡಿದುಹೋಗುತ್ತದೆ. ಮರ್ಜ್ ಮಾಡಿದರೆ ಉಳಿಯುತ್ತದೆ. ಇದೇ ಕಾರಣಕ್ಕೆ 'ಎಲ್ಲ ಡಿಲೀಟ್ ಮಾಡಿ ಮತ್ತೆ ಇಂಪೋರ್ಟ್ ಮಾಡಿಬಿಡೋಣ' ಅನ್ನುವ ಯೋಚನೆ ಬಂದರೆ ಎದ್ದು ಹೋಗಿ ಒಂದು ಟೀ ಕುಡಿದು ಬನ್ನಿ.

## ಹಂತ 6: ಸ್ಟೈಲನ್ನು ಕನ್ನಡಕ್ಕೆ ಒಗ್ಗಿಸುವುದು

ಮಾಹಿತಿ ಶುದ್ಧವಾದ ಮೇಲೆ ಮಾತ್ರ ಇಲ್ಲಿಗೆ ಬನ್ನಿ.

1. ನಿಮ್ಮ ಮಾದರಿಗೆ ಹತ್ತಿರವಾದ ಸ್ಟೈಲ್ ಒಂದನ್ನು ಆರಿಸಿ. ಅದರ ಸಿಎಸ್‌ಎಲ್ ಫೈಲನ್ನು ಕಾಪಿ ಮಾಡಿ, ಮೂಲವನ್ನು ಮುಟ್ಟಬೇಡಿ.

2. ಕಾಪಿಯಲ್ಲಿ ಮೊದಲು ಎರಡು ಸಾಲು ಬದಲಿಸಿ: 'ಟೈಟಲ್' ಮತ್ತು 'ಐಡಿ'. ಐಡಿ ಹಳೆಯದೇ ಇದ್ದರೆ ಮುಂದಿನ ಅಪ್‌ಡೇಟ್ ನಿಮ್ಮ ತಿದ್ದುಪಡಿಗಳನ್ನೆಲ್ಲ ಅಳಿಸಿ ಮೂಲವನ್ನು ತಂದು ಕೂರಿಸುತ್ತದೆ. 'ನಿನ್ನೆ ಸರಿ ಇತ್ತು, ಇವತ್ತು ಇಂಗ್ಲಿಷ್‌ಗೆ ಹೋಗಿದೆ' ಅನ್ನುವುದರ ಹಿಂದೆ ಹೆಚ್ಚಾಗಿ ಇದೇ ಇರುತ್ತದೆ.

3. ಫೈಲನ್ನು ಯುಟಿಎಫ್-8 ಆಗಿಯೇ ಉಳಿಸಿ. ಬೇರೆ ಥರ ಉಳಿಸಿದರೆ ಕನ್ನಡದ ಜಾಗದಲ್ಲಿ ಪ್ರಶ್ನೆ ಗುರುತು ಬರುತ್ತದೆ.

4. ಈಗ ಪದಗಳು. 'ಇನ್ಫೊ' ಭಾಗ ಮುಗಿದ ಮೇಲೆ 'ಲೊಕೇಲ್' ಅನ್ನುವ ಭಾಗ ಇರುತ್ತದೆ, ಇಲ್ಲದಿದ್ದರೆ ನೀವೇ ಸೇರಿಸಬಹುದು. ಅದರೊಳಗೆ ಒಂದೊಂದು 'ಟರ್ಮ್'ಗೂ ಕನ್ನಡ ಕೊಡಿ. 'ಎಟ್ ಆಲ್' ಬದಲು 'ಮತ್ತು ಇತರರು', 'ಅಂಡ್' ಬದಲು 'ಮತ್ತು', ಪುಟಕ್ಕೆ 'ಪು.'. ಲೊಕೇಲ್‌ಗೆ ಭಾಷೆಯ ಗುರುತು ಕೊಡದೆ ಬಿಟ್ಟರೆ ಡಾಕ್ಯುಮೆಂಟ್ ಯಾವ ಭಾಷೆಯಲ್ಲಿದ್ದರೂ ಈ ಪದಗಳೇ ಬರುತ್ತವೆ, ನಮಗೆ ಅದೇ ಬೇಕು.

5. 'ಸಂ.' ಬಗ್ಗೆ ಹುಷಾರು. ಸಂಪಾದಕ, ಸಂಪುಟ, ಸಂಚಿಕೆ ಮೂರಕ್ಕೂ 'ಸಂ.' ಹಾಕಿದ ಪಟ್ಟಿಗಳನ್ನು ಓದಿದರೆ ತಲೆ ತಿರುಗುತ್ತದೆ. 'ಸಂಪಾ.', 'ಸಂಪು.', 'ಸಂಚಿ.' ಅಂತ ಬೇರೆ ಬೇರೆ ಮಾಡಿ.

6. ಇಟಾಲಿಕ್ ತೆಗೆಯಿರಿ. ಕನ್ನಡದ ಬಹುತೇಕ ಫಾಂಟ್‌ಗಳಲ್ಲಿ ನಿಜವಾದ ಇಟಾಲಿಕ್ ಇಲ್ಲ, ವರ್ಡ್ ಸುಮ್ನೆ ಅಕ್ಷರವನ್ನು ಓರೆ ಮಾಡುತ್ತದೆ, ಒತ್ತಕ್ಷರಗಳು ಬಿದ್ದುಹೋಗುವ ಹಾಗೆ ಕಾಣುತ್ತವೆ. ಶೀರ್ಷಿಕೆಯ ಸಾಲಿನಲ್ಲಿ ಇಟಾಲಿಕ್ ಅನ್ನುವ ಗುಣ ಅಳಿಸಿ, ಬೇಕಿದ್ದರೆ ಬೋಲ್ಡ್ ಮಾಡಿ.

7. ಕನ್ನಡ ಪುಸ್ತಕಗಳು ಮೊದಲು, ಇಂಗ್ಲಿಷ್ ಆಮೇಲೆ ಬರಬೇಕಾ? 'ಬಿಬ್ಲಿಯಾಗ್ರಫಿ' ಭಾಗದ 'ಸಾರ್ಟ್' ಒಳಗೆ ಎಲ್ಲಕ್ಕಿಂತ ಮೊದಲ 'ಕೀ' ಆಗಿ 'ಲ್ಯಾಂಗ್ವೇಜ್' ಅನ್ನುವ ವೇರಿಯಬಲ್ ಸೇರಿಸಿ, ಕ್ರಮವನ್ನು ಇಳಿಕೆಗೆ ಇಡಿ. ಪ್ರತಿ ನಮೂದಿನ ಭಾಷೆಯ ಖಾನೆಯಲ್ಲಿ ಕನ್ನಡಕ್ಕೆ ಕೆ-ಎನ್, ಇಂಗ್ಲಿಷಿಗೆ ಇ-ಎನ್ ಅನ್ನುವ ಎರಡಕ್ಷರ ಮಾತ್ರ, ಇಂಗ್ಲಿಷಿನ ಸಣ್ಣ ಅಕ್ಷರದಲ್ಲಿ, ನಡುವೆ ಗೀಟಿಲ್ಲದೆ ಹಾಕಿ. ಒಂದು ಕಡೆ ಎರಡಕ್ಷರ, ಇನ್ನೊಂದು ಕಡೆ 'ಕನ್ನಡ' ಅಂತ ಇದ್ದರೆ ಗುಂಪು ಒಡೆಯುತ್ತದೆ. ಪಟ್ಟಿಯ ತೀರಾ ಕೊನೆಗೆ ಹೋಗಿ ಕೂತ ನಮೂದು ಕಂಡರೆ ಅದರ ಭಾಷೆಯ ಖಾನೆ ಖಾಲಿ ಇದೆ ಅಂತ ಅರ್ಥ.

8. ಸೆಟ್ಟಿಂಗ್ಸ್‌ನ 'ಸೈಟ್' ಭಾಗದಲ್ಲಿ ಪ್ಲಸ್ ಗುರುತು ಒತ್ತಿ ಫೈಲ್ ಸೇರಿಸಿ. ಸೇರದಿದ್ದರೆ ಎಲ್ಲೋ ಒಂದು ಕೋನಾಕಾರದ ಆವರಣ ಮುಚ್ಚಿಲ್ಲ. ಒಂದೇ ಸಲ ಹತ್ತು ಕಡೆ ತಿದ್ದಬೇಡಿ. ಒಂದು ತಿದ್ದಿ, ಉಳಿಸಿ, ಹಂತ 2ರ ಪರೀಕ್ಷೆ ಮಾಡಿ, ಆಮೇಲೆ ಇನ್ನೊಂದು.

ಇದರಲ್ಲೊಂದು ಮಿತಿ ಇದೆ. ಸ್ಟೈಲ್‌ನಲ್ಲಿ ಪದಗಳನ್ನು ಕನ್ನಡ ಮಾಡಿದರೆ ಇಂಗ್ಲಿಷ್ ಪುಸ್ತಕಕ್ಕೂ 'ಪು.' ಅಂತಲೇ ಬರುತ್ತದೆ. ಕನ್ನಡ ಪ್ರಬಂಧದಲ್ಲಿ ಅದು ಇದ್ದರೆ ತಪ್ಪೇನೂ ಅಲ್ಲ ಅಂತ ನಾನು ಹೇಳುತ್ತೇನೆ, ಆದರೆ ನಿಮ್ಮ ಮಾರ್ಗದರ್ಶಕರನ್ನು ಒಂದು ಮಾತು ಕೇಳಿಬಿಡಿ.

## ಹಂತ 7: ವರ್ಡ್

ಟ್ಯಾಬ್ ಮಾಯವಾದರೆ. ವರ್ಡ್ ಪೂರ್ತಿ ಮುಚ್ಚಿ. ಜೊಟೆರೊ ಸೆಟ್ಟಿಂಗ್ಸ್‌ನ 'ಸೈಟ್' ಭಾಗದಲ್ಲಿ 'ರಿಇನ್‌ಸ್ಟಾಲ್ ಮೈಕ್ರೋಸಾಫ್ಟ್ ವರ್ಡ್ ಆಡ್-ಇನ್' ಒತ್ತಿ. ಆದರೂ ಬರದಿದ್ದರೆ ಜೊಟೆರೊದ ಟೆಂಪ್ಲೇಟ್ ಫೈಲ್ ವರ್ಡ್‌ನ 'ಸ್ಟಾರ್ಟ್‌ಅಪ್' ಫೋಲ್ಡರ್ ತಲುಪಿಲ್ಲ. ಆ ಫೋಲ್ಡರ್ ಎಲ್ಲಿದೆ ಅಂತ ವರ್ಡ್‌ನ ಆಪ್ಷನ್ಸ್, ಅಡ್ವಾನ್ಸ್ಡ್, 'ಫೈಲ್ ಲೊಕೇಷನ್ಸ್'ನಲ್ಲಿ ಕಾಣುತ್ತದೆ. ಫೈಲನ್ನು ಅಲ್ಲಿಗೆ ಕೈಯಾರೆ ಹಾಕಿ.

ಉಲ್ಲೇಖದ ಜಾಗದಲ್ಲಿ ಉದ್ದದ ಕೋಡ್ ಕಂಡರೆ ಏನೂ ಕೆಟ್ಟಿಲ್ಲ. ಆಲ್ಟ್ ಹಿಡಿದು ಎಫ್9 ಒತ್ತಿ, ಮೊದಲಿನ ಹಾಗಾಗುತ್ತದೆ.

ಉಲ್ಲೇಖಕ್ಕೆ ಜೀವ ಇದೆಯೇ ಅಂತ ನೋಡುವುದು. ಉಲ್ಲೇಖದ ಮೇಲೆ ಒಂದು ಸಲ ಕ್ಲಿಕ್ ಮಾಡಿ. ಹಿಂದೆ ಬೂದು ಬಣ್ಣ ಬಂದರೆ ಕೊಂಡಿ ಇದೆ. ಬರದಿದ್ದರೆ ಅದು ಬರೀ ಪಠ್ಯ, ರಿಫ್ರೆಶ್ ಅದನ್ನು ಮುಟ್ಟುವುದಿಲ್ಲ. ಫೈಲನ್ನು ಗೂಗಲ್ ಡಾಕ್ಸ್‌ನಲ್ಲಿ ತೆರೆದು ಮತ್ತೆ ಇಳಿಸಿಕೊಂಡವರಿಗೆ ಹೀಗಾಗುತ್ತದೆ. ಬೇರೆ ಆಫೀಸ್ ತಂತ್ರಾಂಶದಲ್ಲಿ, ಮೊಬೈಲ್‌ನಲ್ಲಿ ತೆರೆದು ಸೇವ್ ಮಾಡಿದರೂ ಆಗಬಹುದು. ಮಾರ್ಗದರ್ಶಕರಿಗೆ ಓದಲು ಕಳಿಸುವಾಗ ಪಿಡಿಎಫ್ ಕಳಿಸಿ.

ಉಲ್ಲೇಖವನ್ನು ಕೈಯಲ್ಲಿ ತಿದ್ದಬೇಡಿ. ತಿದ್ದಿದ್ದರೆ ಮುಂದಿನ ರಿಫ್ರೆಶ್‌ನಲ್ಲಿ 'ನೀವು ಇದನ್ನು ಬದಲಿಸಿದ್ದೀರಿ, ಹಾಗೇ ಇಡಬೇಕೇ?' ಅಂತ ಕೇಳುತ್ತದೆ. 'ಯೆಸ್' ಅಂದರೆ ಆ ಉಲ್ಲೇಖ ಅಲ್ಲಿಗೇ ಕಲ್ಲಾಗುತ್ತದೆ, ಮುಂದೆ ಏನು ತಿದ್ದಿದರೂ ಬದಲಾಗುವುದಿಲ್ಲ. 'ನೋ' ಅನ್ನಿ. ಪುಟ ಸಂಖ್ಯೆ ಬೇಕಿದ್ದರೆ ಉಲ್ಲೇಖದ ಮೇಲೆ ಕ್ಲಿಕ್ ಮಾಡಿ 'ಆಡ್ ಅಥವಾ ಎಡಿಟ್ ಸೈಟೇಷನ್'ನಿಂದ ಹಾಕಿ. ಟ್ರ್ಯಾಕ್ ಚೇಂಜಸ್ ಆನ್ ಇದ್ದರೆ ಉಲ್ಲೇಖಗಳ ಕೆಲಸ ಮಾಡುವಾಗ ಆಫ್ ಮಾಡಿ.

ರಿಫ್ರೆಶ್ ಒತ್ತಿದರೆ ಎರರ್ ಬಂದು ನಿಲ್ಲುತ್ತಿದ್ದರೆ ಫೈಲ್‌ನಲ್ಲಿ ಎಲ್ಲೋ ಒಂದು ಉಲ್ಲೇಖ ಒಡೆದಿದೆ. ಹೊಸ ಖಾಲಿ ಫೈಲಿಗೆ ಎಲ್ಲವನ್ನೂ ಕಾಪಿ ಮಾಡಿ ರಿಫ್ರೆಶ್ ಮಾಡಿ. ಆಗದಿದ್ದರೆ ಮೊದಲ ಅರ್ಧ ಮಾತ್ರ ಹಾಕಿ ನೋಡಿ. ಸರಿ ಬಂದರೆ ತಪ್ಪು ಇನ್ನರ್ಧದಲ್ಲಿದೆ. ಆ ಅರ್ಧವನ್ನು ಮತ್ತೆ ಅರ್ಧ ಮಾಡಿ. ಹೀಗೆ ಅರ್ಧ ಮಾಡುತ್ತಾ ಹೋದರೆ ದೊಡ್ಡ ಥೀಸಿಸ್‌ನಲ್ಲೂ ಬೇಗನೆ ಒಂದು ಪ್ಯಾರಾಕ್ಕೆ ಬಂದು ನಿಲ್ಲುತ್ತೀರಿ. ಅದರಲ್ಲಿನ ಉಲ್ಲೇಖ ಅಳಿಸಿ ಹೊಸದಾಗಿ ಹಾಕಿ.

ಪ್ರತಿ ಉಲ್ಲೇಖಕ್ಕೂ ನಿಮಿಷಗಟ್ಟಲೆ ಕಾಯಿಸುತ್ತಿದ್ದರೆ 'ಡಾಕ್ಯುಮೆಂಟ್ ಪ್ರಿಫರೆನ್ಸಸ್'ನಲ್ಲಿ ತಾನೇ ಅಪ್‌ಡೇಟ್ ಆಗುವುದನ್ನು ಆಫ್ ಮಾಡಿ. ಕೆಲಸ ಮುಗಿದ ಮೇಲೆ ಒಮ್ಮೆ ರಿಫ್ರೆಶ್ ಒತ್ತಿದರೆ ಆಯಿತು.

ಗ್ರಂಥಸೂಚಿ ಮಾತ್ರ ಬೇರೆ ಫಾಂಟ್‌ನಲ್ಲಿ ಬರುತ್ತಿದ್ದರೆ ಪಠ್ಯ ಆಯ್ದು ಫಾಂಟ್ ಬದಲಿಸಿ ಪ್ರಯೋಜನ ಇಲ್ಲ, ರಿಫ್ರೆಶ್ ಆದಮೇಲೆ ಮತ್ತೆ ಅದೇ. ವರ್ಡ್‌ನಲ್ಲಿ 'ಬಿಬ್ಲಿಯಾಗ್ರಫಿ' ಅನ್ನುವ ಪ್ಯಾರಾ ಸ್ಟೈಲ್ ಇದೆ, ಅದನ್ನು 'ಮಾಡಿಫೈ' ಮಾಡಿ. ಫಾಂಟ್ ಪೆಟ್ಟಿಗೆಯಲ್ಲಿ 'ಕಾಂಪ್ಲೆಕ್ಸ್ ಸ್ಕ್ರಿಪ್ಟ್ಸ್' ಅಂತ ಬೇರೆ ಭಾಗ ಇರುತ್ತದೆ, ಕನ್ನಡದ ಫಾಂಟ್ ಮತ್ತು ಸೈಜ್ ಅಲ್ಲಿಂದ ಬರುತ್ತದೆ. ಆ ಭಾಗ ಕಾಣದಿದ್ದರೆ ಆಫೀಸ್‌ನ ಭಾಷೆಗಳ ಪಟ್ಟಿಗೆ ಕನ್ನಡ ಸೇರಿಸಿ.

## ಹಂತ 8: ಡಿಟಿಪಿಗೆ, ಪ್ರಿಂಟಿಗೆ ಕೊಡುವ ಮೊದಲು

1. ಕೊನೆಯ ಸಲ ರಿಫ್ರೆಶ್ ಮಾಡಿ, ಸೇವ್ ಮಾಡಿ. ಈ ಫೈಲನ್ನು ಯಾರಿಗೂ ಕೊಡಬೇಡಿ.

2. 'ಸೇವ್ ಆ್ಯಸ್' ಮಾಡಿ ಬೇರೆ ಹೆಸರಿನ ಪ್ರತಿ ತೆಗೆಯಿರಿ. ಪ್ರತಿಯಲ್ಲಿ ಮಾತ್ರ 'ಅನ್‌ಲಿಂಕ್ ಸೈಟೇಷನ್ಸ್' ಒತ್ತಿ. ಎಲ್ಲವೂ ಸಾದಾ ಪಠ್ಯವಾಗುತ್ತದೆ, ಇದನ್ನು ಹಿಂದಕ್ಕೆ ತರಲು ಆಗುವುದಿಲ್ಲ.

3. 'ಕನ್ನಡ ಗ್ರಂಥಗಳು', 'ಇಂಗ್ಲಿಷ್ ಗ್ರಂಥಗಳು' ಅನ್ನುವ ಉಪಶೀರ್ಷಿಕೆಗಳನ್ನು ಈಗ ಹಾಕಿ, ಮೊದಲೇ ಹಾಕಿದರೆ ರಿಫ್ರೆಶ್ ನುಂಗುತ್ತದೆ.

4. ಅಂಗಡಿಯವರು ಪೇಜ್‌ಮೇಕರ್‌ನಲ್ಲಿ, ಹಳೆಯ ನುಡಿ ಫಾಂಟ್‌ನಲ್ಲೇ ಮಾಡುತ್ತೇವೆ ಅಂದರೆ ಈ ಸಾದಾ ಪ್ರತಿಯನ್ನೇ ಪರಿವರ್ತಿಸಲಿ. ಆದರೆ ಗ್ರಂಥಸೂಚಿಯಲ್ಲಿ ಇಂಗ್ಲಿಷ್ ಸಾಲುಗಳಿವೆ ಅಂತ ಮೊದಲೇ ಹೇಳಿ, ಕನ್ನಡ ಭಾಗ ಮಾತ್ರ ಬೇರೆ ಫೈಲಿನಲ್ಲಿ ಕೊಟ್ಟರೆ ಇನ್ನೂ ಒಳ್ಳೆಯದು. ಆಗುವುದಾದರೆ ನಿಮ್ಮ ಕಂಪ್ಯೂಟರಿನಲ್ಲೇ ಪಿಡಿಎಫ್ ಮಾಡಿ, ಬರೀ ಪ್ರಿಂಟಿಗೆ ಕೊಡಿ.

5. ಪ್ರೂಫ್ ಬಂದಾಗ ಅಧ್ಯಾಯಗಳಿಗಿಂತ ಮೊದಲು ಗ್ರಂಥಸೂಚಿ ಓದಿ. ಕನ್ನಡ ಅಂಕಿಯಾಗಿ ಬದಲಾದ ವರ್ಷಗಳು, 'ರ್' ಬಿದ್ದುಹೋದ ಹೆಸರುಗಳು, ಆವರಣ ಉಲ್ಟಾ ಆದ ಪುಟ ಸಂಖ್ಯೆಗಳು ಅಲ್ಲೇ ಮೊದಲು ಸಿಗುತ್ತವೆ. ತಪ್ಪು ಅಂಗಡಿಯಲ್ಲಿ ಆದದ್ದಾದರೆ ಅವರ ಫೈಲಿನಲ್ಲಿ ತಿದ್ದಿಸಿ. ನಿಮ್ಮ ಮಾಹಿತಿಯದ್ದೇ ಆದರೆ ಜೊಟೆರೊದಲ್ಲೂ ತಿದ್ದಿ, ಮುಂದಿನ ಲೇಖನಕ್ಕೆ ಅದೇ ನಮೂದು ಮತ್ತೆ ಬೇಕಾಗುತ್ತದೆ.